ಭಾವನ ರೈಲು ಫಿರಂಗಿ

ನಮ್ಮ ಭಾವ ಮಾದಯ್ಯನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಅರ್ಧ ಮದ್ದೂರು ಮನೆಗೆ ಬಂದು ನೋಡಿಕೊಂಡು ಹೋಯಿತು. ಬಂದವರು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಕೈ ನೋಡುತ್ತಿದ್ದರು, ಕಾಫಿ ಕುಡಿದು ಲೋಟ ಕೆಳಗಿಡುವಾಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: "ಅಂಗ್ಡಿ ಕಥೆ ಏನು?"

ಅಂಗಡಿ ಅಂದರೆ ಮಳವಳ್ಳಿ ರಸ್ತೆಯಲ್ಲಿರುವ, ಕಬ್ಬಿಣ ಹಿತ್ತಾಳೆ ಕಡೆಯುವ ಲೇತ್ ಮಿಷಿನ್ನಿನ ಅಂಗಡಿ. ಮೂವತ್ತು ವರ್ಷದಿಂದ ಭಾವನದ್ದೇ. ಆಲೆಮನೆಯ ಗಾಣದಲ್ಲಿ ಬುಶ್ಶು ಸವೆದರೆ, ಪಂಪ್‌ಸೆಟ್ಟಿನ ಶಾಫ್ಟು ಬಾಗಿದರೆ, ಜನ ಗೋಣಿಚೀಲದಲ್ಲಿ ಸುತ್ತಿಕೊಂಡು ಅಲ್ಲಿಗೇ ಬರುತ್ತಿದ್ದರು. ಬುಶ್ಶು ಅಂದರೆ ತಿರುಗುವ ಶಾಫ್ಟಿಗೆ ತೊಡಿಸುವ ಹಿತ್ತಾಳೆ ಬಳೆ. ಅಂಥಾ ಬಳೆ ಎಷ್ಟು ಸಾವಿರ ತಿರುಗಿಸಿದ್ದಾರೋ ಭಾವನಿಗೇ ಲೆಕ್ಕ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದ ದಿವಸವೇ ನಮ್ಮಕ್ಕ ದೇವಿರಮ್ಮ ಅಂಗಡಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಲೇತು ಏನು ಮುದ್ದೆ ಕೋಲಾ, ಕೈ ಜಾರಿದ್ರೆ ನೆಕ್ಕೊಂಡು ಸುಮ್ನಾಗಕೆ? ಒಂದು ಕೈ ದೇವ್ರು ಅರ್ಧ ಉಳ್ಸವ್ನೆ. ಅದನ್ನೂ ಆ ಮಿಷಿನ್ನಿಗೆ ಕೊಡಕಿಲ್ಲ ನಾನು" ಅಂದಳು. ಭಾವ ಗೋಡೆ ಕಡೆ ತಿರುಗಿ ಮಲಗಿದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಆ ಶಟರು ಎತ್ತಬೇಕು, ಲೇತಿನ ಮುಂದೆ ನಿಲ್ಲಬೇಕು. ಅಕ್ಕನಿಗೆ ಬೇಕಾಗಿದ್ದದ್ದೂ ಒಂದೇ, ಗಂಡ ಇಡಿಯಾಗಿರಬೇಕು. ಇಬ್ಬರ ಮಧ್ಯೆ ನಾನು, ಶಶಿಧರ, ಅಕ್ಕನ ತಮ್ಮ. ಸರ್ಕಾರಿ ಬಸ್ಸಿನ ಕಂಡಕ್ಟರು. ಮಂಡ್ಯ, ಮದ್ದೂರು, ಮಳವಳ್ಳಿ, ಮತ್ತೆ ಮಳವಳ್ಳಿ, ಮದ್ದೂರು, ಮಂಡ್ಯ. ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಮುಗಿದರೆ ನಾಲ್ಕಕ್ಕೆಲ್ಲ ಅಕ್ಕನ ಮನೆ ಜಗಲಿ ಮೇಲೆ ಹಾಜರು.

ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, "ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡ್ತಾ ಇರಿ" ಅಂದಿದ್ದರು. ಅಕ್ಕ ಕೊಟ್ಟಳು. ಅವರೆಕಾಯಿ ಸುಲಿಯೋದು, ಅಕ್ಕಿಯಲ್ಲಿ ಕಲ್ಲು ಆರಿಸೋದು, ಕೊನೆಗೆ ಒಂದು ಬುಟ್ಟಿ ಕನಕಾಂಬರ ತಂದು ಮುಂದಿಟ್ಟಳು.

"ಇದೇನೇ?"

"ಕಟ್ಟಿ. ಬೆಳ್ಳು ಆಡ್ತವೆ."

"ಗಾಣ ತಿರುಗ್ಸೋ ಬುಶ್ಶು ಮಾಡ್ದೋನು ಕಣೆ ನಾನು. ನನ್ ಕೈಲಿ ಹೂ ಕಟ್ಟಿಸ್ತೀಯ? ಓಗು, ನಿನ್ನ ತಮ್ಮನ ಕೈಲಿ ಕಟ್ಸು, ಬಸ್ಸಿಗಾದ್ರೂ ಮುಡಿಸ್ತಾನೆ."

ಹೂವನ್ನು ಕೊನೆಗೆ ನಾನೇ ಕಟ್ಟಿದೆ. ಆ ವಿಷಯ ಬಿಡಿ.

ಇಂಥಾ ಹೊತ್ತಿನಲ್ಲಿ ಸಿಕ್ಕಿದವರು ಪ್ರೀತಂ ಸಾಹೇಬರು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ತಳಿ ಮೇಲೆ ಕೆಲಸ ಮಾಡುವ ವಿಜ್ಞಾನಿ, ಮಳವಳ್ಳಿಯಿಂದ ದಿನಾ ನನ್ನ ಬಸ್ಸಿಗೇ ಹತ್ತುವವರು. ಯುಗಾದಿ ಆದ ಮೇಲೆ ಒಂದು ದಿನ ಟ್ರಂಕಿನಷ್ಟು ದೊಡ್ಡ ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದರು.

"ಸಾರ್, ಇದಕ್ಕೂ ಟಿಕೆಟ್ ಹರೀಬೇಕಾಯ್ತದೆ" ಅಂದೆ ತಮಾಷೆಗೆ.

"ನಿಮಗೇ ತಂದಿದ್ದು ಶಶಿಧರ್. ನನಗೆ ಟ್ರಾನ್ಸ್‌ಫರ್ ಆಯ್ತು. ನಾಲ್ಕು ವರ್ಷದ ಹಿಂದೆ ಆಸೆಪಟ್ಟು ತರಿಸಿದ್ದೆ, ಇನ್ನೂ ಬಿಚ್ಚಿಲ್ಲ. ನಿಮ್ಮ ಭಾವನ ವಿಷಯ ದಿನಾ ಹೇಳ್ತಿದ್ರಲ್ಲ, ಅವರಿಗೆ ಕೊಡಿ."

ಡಬ್ಬಿಯ ಮೇಲೆ ಒಂದು ಚಿತ್ರ. ರೈಲ್ವೆ ಹಳಿ, ಹಳಿಯ ಮೇಲೆ ಇಪ್ಪತ್ತನಾಲ್ಕು ಗಾಲಿಯ ಬೋಗಿ, ಬೋಗಿಯ ಮೇಲೆ ಆಕಾಶಕ್ಕೆ ಉದ್ದ ಬ್ಯಾರಲ್ಲಿನ ಮೂತಿ ಎತ್ತಿದ ಒಂದು ಫಿರಂಗಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ರೈಲಿನ ಮೇಲೆ ಸಾಗಿಸುತ್ತಿದ್ದದ್ದಂತೆ. ನಿಜವಾದದ್ದರ ಮೂವತ್ತೈದರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಮಾದರಿ. ಆದರೂ ಜೋಡಿಸಿದ ಮೇಲೆ ಮೂರಡಿ ಹತ್ತಿರ ಬರುತ್ತದಂತೆ. ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳು. ಚೌಕಟ್ಟಿನ ತುಂಬ ಪೀಸುಗಳು ಹುಣಸೆಕಾಯಿ ಥರ ಅಂಟಿಕೊಂಡಿದ್ದವು. ಒಂದೊಂದು ಚೌಕಟ್ಟಿಗೂ ಒಂದೊಂದು ಇಂಗ್ಲಿಷ್ ಅಕ್ಷರ, ಒಂದೊಂದು ಪೀಸಿಗೂ ಒಂದೊಂದು ನಂಬರು.

ಅಕ್ಕ ಡಬ್ಬಿ ನೋಡಿದ್ದೇ ಎದೆ ಮೇಲೆ ಕೈ ಇಟ್ಟುಕೊಂಡಳು. "ಲೇ ಶಶಿ, ಗನ್ನು ಅಂತ ಬರ್ದದೆ ಕಣ್ಲಾ. ನಾಳೆ ಪೋಲೀಸ್ನೋರು ಬಂದು ಬಾಗ್ಲು ಬಡಿದ್ರೆ?"

"ಅಕ್ಕ, ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ಕಾದ್ರೇನು, ಊರು ಸುಡೋ ಸಾಮಾನು ತಾನೆ? ಇಷ್ಟು ಕಷ್ಟಪಟ್ಟು ರೈಲಿನ ಮೇಲೆ ಏರಿಸಿ ಊರು ಸುಡೋಕೆ ಓಗ್ತಿದ್ರಾ? ಮನುಸ್ರಿಗೆ ಬೇರೆ ಕೆಲ್ಸ ಇರ್ಲಿಲ್ವಾ?"

ಭಾವ ಮುಚ್ಚಳವನ್ನು ತೊಡೆ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಯಾರೂ ಕೇಳದಿದ್ದ ದನಿಯಲ್ಲಿ ಕೇಳಿದರು. "ಇಷ್ಟುದ್ದ ಬ್ಯಾರಲ್ಲಿನ ಭಾರ ಎಲ್ಲಿ ಕುಂತದ್ಲಾ ಶಶಿ? ಯಾವ್ ಬುಶ್ ಮೇಲೆ?"

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ.

ಕರಾರು ಆದದ್ದು ಆಷಾಢಕ್ಕೆ ಮುಂಚೆ. ಮೊಬೈಲ್ ಕವರು, ಚಾರ್ಜರು ಮಾರುವ ಸ್ವಾಮಿ ಅನ್ನುವವನು ಅಂಗಡಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದ. ಆಷಾಢದಲ್ಲಿ ಹೊಸ ಅಂಗಡಿ ತೆರೆಯೋದಿಲ್ಲ, ಶ್ರಾವಣದ ಮೊದಲನೇ ಶುಕ್ರವಾರ ಪೂಜೆ ಇಟ್ಟುಕೊಳ್ಳುತ್ತೇನೆ, ಅಷ್ಟರಲ್ಲಿ ಹೇಳಿ ಅಂದ. ಅಕ್ಕ ಹೂಂ ಅನ್ನುವುದರಲ್ಲಿದ್ದಳು. ಭಾವ ಅದುವರೆಗೆ ಬರೀ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಪ್ಲಾಸ್ಟಿಕ್ ಗಾಲಿಯನ್ನು ಹಲಗೆ ಮೇಲಿಟ್ಟರು. "ನಾನು ಬದುಕಿವ್ನಿ ಕಣೆ."

"ಅದುಕ್ಕೇ ಯೋಳ್ತಿರಾದು."

ಆ ದಿನ ಇಬ್ಬರೂ ಜಗಳವಾಡಿದರು, ಪಕ್ಕದ ಮನೆ ಹೊಂಬಾಳಮ್ಮ ಬಟ್ಟೆ ಒಣಹಾಕುವ ನೆವದಲ್ಲಿ ಕಾಂಪೌಂಡ್ ಹತ್ತಿರ ಬಂದು ನಿಲ್ಲುವಷ್ಟು. ಕೊನೆಗೆ ಅಕ್ಕನೇ ಹೇಳಿದಳು. "ಆಯ್ತು. ಈ ರೈಲ್ನ ಶ್ರಾವಣ ಸುಕ್ರವಾರದೊಳಗೆ ಮುಗ್ಸಿ. ನಿಮ್ಮ ಕೈಲೇ. ಇವ್ನು ಓದಿ ಯೋಳ್ಬೋದು, ಮುಟ್ಟಂಗಿಲ್ಲ. ಒಂದು ಪೀಸು ಮಿಕ್ಕಂಗಿಲ್ಲ, ಒಂದು ಪೀಸು ಬಿಟ್ಟೋಗಂಗಿಲ್ಲ. ಆ ಬೆಳ್ಳು ಇದನ್ನ ಮಾಡಿದ್ರೆ ಬೀಗದ ಕೈ ನಿಮ್ದು. ಇಲ್ದಿದ್ರೆ ಸ್ವಾಮಿದು."

ಅವತ್ತಿಂದ ನಮ್ಮದು ದಿನಾ ನಾಲ್ಕು ಗಂಟೆ ಪಾಳಿ. ಭಾವನಿಗೆ ಇಂಗ್ಲಿಷ್ ಬಾರದು, ಆ ಸಣ್ಣ ಅಕ್ಷರ ಕಣ್ಣಿಗೆ ಕಾಣಲೂ ಕಾಣದು. ನಾನು ಎಸ್ಸೆಲ್ಸಿ, ಉಳಿದ ಇಂಗ್ಲಿಷನ್ನೆಲ್ಲ ಬೋರ್ಡು ಓದಿ, ಟಿಕೆಟ್ಟು ಓದಿ, ಪ್ಯಾಸೆಂಜರ್ ಬಾಯಿ ನೋಡಿ ಕಲಿತವನು. ವಿವರಣೆಯ ಪುಸ್ತಕ ಹಿಡಿದುಕೊಂಡು ನಾನು ಸ್ಟಾಪು ಕೂಗಿದ ಹಾಗೆ ಕೂಗುವುದು, ಭಾವ ಇಕ್ಕಳದಲ್ಲಿ ಪೀಸು ಕತ್ತರಿಸುವುದು, ಅಂಚಿಗೆ ಫೈಲ್ ಹಾಕಿ ಉಜ್ಜುವುದು, ಅಂಟಿಸುವುದು.

"ಎ ಒನ್, ಎರಡು, ಮೂರು..."

"ನಿಧಾನ ಕಣ್ಲಾ. ಇಳಿಯೋ ಜನ ಇಳೀಲಿ."

ಮೊದಲ ವಾರ ನೋಡುವ ಹಾಗಿರಲಿಲ್ಲ. ಇಕ್ಕಳ ಹಿಡಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ದಿನ ಗಾಲಿಯ ಜೊತೆ ಹೆಬ್ಬೆರಳೂ ಅಂಟಿಹೋಗಿ, ಅಕ್ಕ ಬಿಸಿನೀರು ಕಾಯಿಸಿ ತಂದು, "ಈಗ ನಿಮಗೇ ಒಂದು ಗಾಲಿ ಬಂತು, ಇನ್ನು ಮೂರು ಆದ್ರೆ ನಾನೇ ತಳ್ಕಂಡ್ ಓಯ್ತೀನಿ" ಅಂದಳು. ಇಪ್ಪತ್ತನಾಲ್ಕು ಗಾಲಿಗೆ ಹದಿನೈದು ದಿವಸ. ಆಮೇಲೆ ಬೋಗಿಗೆ ಹತ್ತು ದಿವಸ. ಆಮೇಲೆ ಏಣಿ, ಕಟಕಟೆ, ಕೊಕ್ಕೆ. ಜೀರಿಗೆ ಕಾಳಿನಷ್ಟು ಪೀಸುಗಳನ್ನು ಭಾವ ಬಲಗೈಯಲ್ಲೇ ಎತ್ತಿ ಕೂರಿಸುವುದನ್ನು ನೋಡಿದಾಗ ನಾನು ಓದುವುದನ್ನೇ ಮರೆತುಬಿಡುತ್ತಿದ್ದೆ.

ಒಂದು ದಿನ ಬ್ಯಾರಲ್ಲು ಕೂರುವ ಆಸನದ ಪುಟ ಬಂತು. "ಭಾವ, ಇದುಕ್ಕೆ ಕ್ರೇಡ್ಲ್ ಅಂತಾರೆ. ಅಂದ್ರೆ ತೊಟ್ಲು."

"ಫಿರಂಗಿಗೂ ತೊಟ್ಲಾ? ನಾಮಕರಣಕ್ಕೆ ಯಾರ್ಯಾರ್ನ ಕರ್ದವ್ರೆ?"

ನಗುತ್ತಾ ನಗುತ್ತಾ ಓದಿದೆ. "ತೊಟ್ಲು ಕೆಳಗೆ ಬಿ ಚೌಕಟ್ಟಿಂದು ಆರು, ಏಳು, ಎಂ ಟು."

ಭಾವ ಕತ್ತರಿಸಿದರು, ಅಂಟಿಸಿದರು. ಒಂದು ಉಂಗುರ ಮಾತ್ರ ಜಾಗಕ್ಕೆ ಕೂರಲಿಲ್ಲ, ದಪ್ಪವಾಯಿತು. "ಅಳತೆ ತಪ್ಪವ್ನೆ ಬಡ್ಡಿಮಗ" ಅಂತ ಬೈದು, ಅದನ್ನು ಫೈಲ್ ಹಾಕಿ ಹಾಕಿ ಅರ್ಧಕ್ಕೆ ಇಳಿಸಿ ಕೂರಿಸಿದರು. ಫಿಟ್ಟರ್ ಬುದ್ಧಿ. ಕೂರದಿದ್ದರೆ ಇದು ಬೇರೆ ಪೀಸಿರಬಹುದು ಅಂತ ಅವರಿಗೆ ಅನ್ನಿಸುವುದಿಲ್ಲ, ಕೂರದಿದ್ದರೆ ಕೂರಿಸುವುದು. ನಾನಾದರೂ ನೋಡಿದೆನಾ? ನಾನು ಕಡಲೆಪುರಿ ತಿನ್ನುತ್ತಿದ್ದೆ.

ಆಷಾಢ ಮುಗಿಯಿತು. ಶುಕ್ರವಾರಕ್ಕೆ ಇನ್ನು ಆರು ದಿನ ಇದ್ದಾಗ, ಶನಿವಾರ ಸಾಯಂಕಾಲ, ಕೊನೆಯ ಪುಟ. ಬ್ಯಾರಲ್ಲನ್ನು ತೊಟ್ಟಿಲಲ್ಲಿ ಕೂರಿಸಿ, ಅದು ಬೀಳದ ಹಾಗೆ ಪಕ್ಕದಲ್ಲಿ ಒಂದು ದಪ್ಪ ಉಂಗುರ ಹಾಕಬೇಕು. ಅಷ್ಟೇ ಬಾಕಿ. ಅಕ್ಕ ಕೂಡ ಒಲೆ ಆರಿಸಿ ಬಂದು ನಿಂತಿದ್ದಳು.

"ಬಿ ಎಂಟು" ಅಂದೆ.

ಭಾವ ಬಿ ಚೌಕಟ್ಟು ಎತ್ತಿದರು. ತಿರುಗಿಸಿದರು. ಕಿಟಕಿ ಬೆಳಕಿಗೆ ಹಿಡಿದರು. "ಎಂಟು ಇಲ್ವಲ್ಲಾ. ಎಂಟು ಅವತ್ತೇ ಆಕಿದ್ವಲ್ಲ."

"ಯಾವತ್ತು?"

"ತೊಟ್ಲು ದಿವ್ಸ. ನೀನೇ ಯೋಳ್ದೆ. ಆರು, ಏಳು, ಎಂಟು."

ನಾನು ಆ ಪುಟ ತೆಗೆದೆ. ಬಿ ಆರು. ಬಿ ಏಳು. ಎಂ ಅಕ್ಷರ, ಅದರ ಪಕ್ಕ ಎರಡು. ಡಬ್ಬಿಯ ತಳದಲ್ಲಿ ಎಂ ಚೌಕಟ್ಟು ಬಿದ್ದಿತ್ತು. ಅದರಲ್ಲಿ ಒಂದೇ ಒಂದು ಪೀಸು, ತೆಳ್ಳನೆಯ ಉಂಗುರ, ಹಲ್ಲುದುರಿದ ಬಾಯಲ್ಲಿ ಮಿಕ್ಕ ಒಂಟಿ ಹಲ್ಲಿನ ಹಾಗೆ.

"ಭಾವ, ನಾನು ಯೋಳಿದ್ದು ಎಂ... ಟು."

"ಅದೇ. ಎಂಟು."

"ಎಂಟಲ್ಲ ಭಾವ. ಎಂ. ಟೂ. ಎಂ ಅನ್ನೋ ಅಕ್ಷರದ ಎರಡು."

ಭಾವ ನನ್ನನ್ನೇ ನೋಡಿದರು. "ಎರಡು ಅನ್ನಕ್ಕೇನಾಗಿತ್ತು ನಿನಗೆ? ಆರು ಕನ್ನಡ, ಏಳು ಕನ್ನಡ, ಅಲ್ಲಿಂದ ಇಂಗ್ಲಿಸ್ ಬಸ್ಸು ಅತ್ತಿದ್ಯಾ?"

ನನ್ನದು ಇಪ್ಪತ್ತೆರಡು ವರ್ಷದ ಕಂಡಕ್ಟರ್ ಬಾಯಿ. 'ಒಂದ್ ಮಂಡ್ಯ, ಟೂ ಮದ್ದೂರು' ಅಂತಲೇ ಬರುತ್ತದೆ. ಉಂಗುರ ಇಲ್ಲದ ಫಿರಂಗಿ ಅಲ್ಲಿ ಹಲಗೆಯ ಮೇಲೆ ಮೂತಿ ಕೆಳಗೆ ಹಾಕಿಕೊಂಡು ನಿಂತಿತ್ತು.

"ನೀರು ಕುಡಿಯೋ ಎಮ್ಮೆ ಥರ ಅದೆ" ಅಂದಳು ಅಕ್ಕ. ಆಮೇಲೆ ಮೆಲ್ಲಗೆ, "ಒಂದು ಮಿಕ್ತು, ಒಂದು ಬಿಟ್ಟೋಯ್ತು. ಎರಡೂ ಆಯ್ತಲ್ಲ" ಅಂದಳು. ಗೆದ್ದವಳ ಮುಖ ಇರಲಿಲ್ಲ ಅವಳದ್ದು. ಒಳಗೆ ಹೋಗಿ ಆರಿಸಿದ್ದ ಒಲೆಯನ್ನು ಮತ್ತೆ ಹತ್ತಿಸಿದಳು.

ಪ್ರೀತಂ ಸಾಹೇಬರಿಗೆ ಫೋನು ಮಾಡಿದೆ. ಕಂಪನಿಗೆ ಬರೆದರೆ ಪೀಸು ಕಳಿಸಬಹುದು, ಎರಡು ತಿಂಗಳಾಗಬಹುದು ಅಂದರು. ಫೋನು ಇಟ್ಟು ಬಂದರೆ ಭಾವ ತೆಳು ಉಂಗುರವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು.

"ಶಶಿ, ನಾವು ಕೆಡಿಸ್ಕಂಡ ಆ ಎಂಟು ಅನ್ನಾದು ಏನ್ಲಾ?"

"ಉಂಗುರ."

"ಉಂಗ್ರ ನಿನ್ನ ಎಂಡ್ತಿಗೆ. ಇದು ಬುಶ್ಶು ಕಣ್ಲಾ! ಬ್ಯಾರಲ್ಲಿನ ಭಾರ ಕುಂತಿರೋ ಬುಶ್ಶು. ಹಿತ್ತಾಳೇಲಿ ಕಾಲು ಗಂಟೆ ಕೆಲ್ಸ." ಹೇಳಿದ ಮೇಲೆ ಅಡುಗೆಮನೆ ಕಡೆ ನೋಡಿ ದನಿ ಇಳಿಸಿದರು. "ಲೇತ್ ಇದ್ರೆ."

ನನಗೆ ತಪ್ಪು ಸರಿಪಡಿಸುವ ಆತುರ. ಸೋಮನಹಳ್ಳಿಯಲ್ಲಿ ಚಿಕ್ಕಬೋರಯ್ಯನ ಲೇತು ಇದೆ, ಅಳತೆ ಬರೆದುಕೊಟ್ಟರೆ ನಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆ ಅಂದೆ. ಭಾವ ತೊಟ್ಟಿಲಲ್ಲಿ ಎಂಟು ಕೂರಬೇಕಾದ ಜಾಗದ ಅಳತೆ ಹಿಡಿದು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆಯತೊಡಗಿದರು. ಹೊರಗಿನ ವೃತ್ತ, ಒಳಗಿನ ತೂತು, ದಪ್ಪ. ಲಕ್ವ ಹೊಡೆದ ಮೇಲೆ ಅವರು ರುಜು ಹಾಕಲೂ ಎಡಗೈ ಬಳಸುತ್ತಿದ್ದರು. ಇದನ್ನು ಬಲಗೈಯಲ್ಲಿ ಬರೆದರು, ತಮಗೇ ಗೊತ್ತಿಲ್ಲದೆ.

ಅಕ್ಕ ಕಾಫಿ ತಂದವಳು ಲೋಟ ಹಿಡಿದುಕೊಂಡೇ ನಿಂತಳು.

"ಇದೆಲ್ಲಿಗೆ?"

"ಸೋಮನಹಳ್ಳಿಗೆ. ಚಿಕ್ಕಬೋರಯ್ಯ ಮಾಡಿಕೊಡ್ತಾನೆ" ಅಂದೆ.

"ಅವ್ನು ಮಾಡಿದ್ರೆ ಅದು ಅವ್ನ ಕೈ ಆಯ್ತದೆ. ನಾನು ಯೋಳಿದ್ದೇನು?"

"ಅಕ್ಕ, ಒಂದೇ ಒಂದು ಪೀಸು..."

"ನೀನು ಬಾಯಿ ಮುಚ್ಲಾ, ಎಂಟು." ಮುಂದೆ ಒಂದು ತಿಂಗಳು ನನ್ನ ಹೆಸರು ಅದೇ ಆಯಿತು. ಅಕ್ಕ ಸೊಂಟದಿಂದ ಬೀಗದ ಕೈ ತೆಗೆದಳು, ಆದರೆ ಕೊಡಲಿಲ್ಲ. "ನಾಳೆ ನಿನಗೆ ರಜೆ ಅಲ್ವಾ? ಓಗವ. ನನ್ ಕಣ್ಣೆದುರುಗೆ ತಿರುಗ್ಸಲಿ. ಕರೆಂಟ್ ಸ್ವಿಚ್ ಹತ್ರ ನಾನು ನಿಂತಿರ್ತೀನಿ. ಕೈ ಆ ಮಿಷಿನ್ ಹತ್ರ ಸ್ವಲ್ಪ ಅದುರ್ತು ಅಂದ್ರೂ ಆರಿಸ್ಬುಟ್ಟು, ಅಲ್ಲಿಂದ್ಲೇ ಸ್ವಾಮಿಗೆ ಫೋನ್ ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಆಟೋದಲ್ಲಿ ಅಂಗಡಿಗೆ ಹೋದೆವು. ಮೂರಡಿ ಫಿರಂಗಿ ನನ್ನ ತೊಡೆ ಮೇಲೆ, ಅದರ ಮೂತಿ ಆಟೋದಿಂದ ಹೊರಗೆ. ಸಿಗ್ನಲ್ಲಿನಲ್ಲಿ ಒಬ್ಬ ಬೈಕಿನವನು, "ಅಣ್ಣ, ಯಾರ್ ಮೇಲೆ ಹಗೆ?" ಅಂದ. ಶಟರು ಕಚ್ಚಿಕೊಂಡಿತ್ತು, ನಾನು ಅಕ್ಕ ಸೇರಿ ಎತ್ತಿದೆವು. ಒಳಗೆ ಆಯಿಲಿನ ವಾಸನೆ, ಧೂಳು, ಜೇಡರ ಬಲೆ. ಭಾವ ಲೇತಿನ ಮೇಲಿನ ಗೋಣಿ ತೆಗೆದು, ರಾಡು ಕಚ್ಚಿ ಹಿಡಿಯುವ ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿದರು. ಆಯಿಲ್ ಬಿಟ್ಟರು. ಹಿತ್ತಾಳೆ ರಾಡು ಹುಡುಕಿ ಸಿಕ್ಕಿಸಿದರು. ಅಕ್ಕ ಬಂದು ಅವರ ಷರಟಿನ ತೋಳನ್ನು ಮೊಳಕೈ ಮೇಲಕ್ಕೆ ಮಡಚಿ, ಪಿನ್ನು ಹಾಕಿ, ಹೋಗಿ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತಳು.

ಲೇತು ತಿರುಗಿತು. ಭಾವ ಹ್ಯಾಂಡಲ್ ಹಿಡಿದರು. ಹಿತ್ತಾಳೆ ಪುಡಿ ಉದುರಿತು. ಒಂದು ನಿಮಿಷ ಆಗಿರಬಹುದು, ಟಕ್ ಅಂತ ಎಲ್ಲ ನಿಂತಿತು, ಉಳಿ ರಾಡಿಗೆ ಕಚ್ಚಿ ಬುಶ್ಶಿನ ಮೈ ಗೀರಿಹೋಯಿತು.

"ಯಾಕೆ ಆರಿಸ್ದೆ?"

"ಕೈ ನಡುಗ್ತು."

"ನನ್ ಕೈ ನಡುಗ್ಲಿಲ್ಲ ಕಣೆ, ನೀನು ನಡುಗ್ದೆ! ಶಶಿ, ನೀನು ಯೋಳ್ಲಾ, ಯಾರು ನಡುಗಿದ್ದು?"

ನಾನು ಫಿರಂಗಿಯ ಧೂಳು ಒರೆಸುವುದರಲ್ಲಿ ಮಗ್ನನಾದೆ.

"ಇನ್ನೊಂದು ಸಲ" ಅಂದಳು ಅಕ್ಕ. "ಇನ್ನೊಂದೇ ಸಲ."

ಎರಡನೆಯ ಸಲ ಕೈ ನಿಜವಾಗಿಯೂ ನಡುಗಿತು. ಒಳಗಿನ ತೂತು ಕೊರೆಯುವಾಗ. ನಾನೂ ನೋಡಿದೆ, ಅಕ್ಕನೂ ನೋಡಿದಳು. ಅವಳ ಬೆರಳು ಸ್ವಿಚ್ಚಿನ ಮೇಲೆ ಬಿಗಿಯಾಯಿತು. ಆದರೆ ಅದಕ್ಕೆ ಮುಂಚೆಯೇ ಭಾವ ಉಳಿಯನ್ನು ಹಿಂದಕ್ಕೆ ಎಳೆದುಕೊಂಡು ಹ್ಯಾಂಡಲ್ ಬಿಟ್ಟು, ಒಂದು ಹೆಜ್ಜೆ ದೂರ ಸರಿದು ನಿಂತಿದ್ದರು. ಲೇತು ಖಾಲಿ ತಿರುಗುತ್ತಿತ್ತು. ಭಾವ ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಹಟ ಮಾಡುವ ಕರುವಿಗೆ ಕಾಯುವ ಹಾಗೆ ಕಾದರು. ಬೈಯಲಿಲ್ಲ, ಆತುರಪಡಲಿಲ್ಲ. ಕೈ ಸುಮ್ಮನಾಯಿತು. ಬಲಗೈ ಹ್ಯಾಂಡಲ್ ಮೇಲೆ, ಅದರ ಮೇಲೆ ಎಡಗೈ ಇಟ್ಟು, ಉಳಿದ ತೂತನ್ನು ಕೊರೆದರು.

ಹಿಂದಿನ ಮಾದಯ್ಯ ಹಾಗೆ ನಿಲ್ಲುವವರಲ್ಲ. ಜ್ವರ ಬಂದರೂ, ಬೆರಳು ಕುಯ್ದುಕೊಂಡರೂ ಮಿಷಿನ್ ಬಿಡುತ್ತಿರಲಿಲ್ಲ. ಅಕ್ಕನಿಗೆ ಇದ್ದ ಹೆದರಿಕೆಯೂ ಅದೇ. ನಾನು ಸ್ವಿಚ್ಚಿನ ಕಡೆ ತಿರುಗಿ ನೋಡಿದಾಗ ಅಲ್ಲಿ ಅವಳ ಕೈ ಇರಲಿಲ್ಲ. ಆ ಕೈ ಸೆರಗಿನಿಂದ ಮುಖ ಒರೆಸುತ್ತಿತ್ತು. "ಎಷ್ಟು ಧೂಳು ಇಲ್ಲಿ, ಥೂ" ಅಂದಳು.

ಕಡಲೆಕಾಳಿನಷ್ಟು ಬುಶ್ಶು. ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ ತೊಟ್ಟಿಲ ಪಕ್ಕ ಕೂರಿಸಿ, ಬ್ಯಾರಲ್ಲನ್ನು ಮೆಲ್ಲಗೆ ಮೇಲೆತ್ತಿ ಕೈ ಬಿಟ್ಟರು. ಎತ್ತಿದಲ್ಲೇ ನಿಂತಿತು. ಇನ್ನೂ ಎತ್ತಿದರು, ಅಲ್ಲೂ ನಿಂತಿತು. ಇಳಿಸಿದರು, ಅಲ್ಲೂ.

"ಓಹೋ, ಮಾದಯ್ಯ! ಶಟರು ತೆಗ್ದಿರೋದು ಕಂಡು ಗಾಡಿ ನಿಲ್ಲಿಸ್ದೆ" ಅಂತ ಬಾಗಿಲಲ್ಲಿ ದನಿ. ಆಲೆಮನೆ ಕೆಂಪಸಿದ್ದಯ್ಯ, ಟಿವಿಎಸ್ ಮೇಲೆ ಗೋಣಿಚೀಲ. "ನಿನ್ನ ದೆಸೆಯಿಂದ ನನ್ನ ಗಾಣ ಮುದುಕಿ ಕೆಮ್ದಂಗೆ ಕೆಮ್ತಾ ಅದೆ ಕಣಯ್ಯ. ಬುಶ್ಶು ತಂದಿವ್ನಿ." ಒಳಗೆ ಬಂದವನು ಹಲಗೆ ಮೇಲೆ ನೋಡಿ ಬಾಯಿ ಬಿಟ್ಟ. "ಇದೇನ್ಲಾ ಇದು, ರೈಲಾ, ತೋಪಾ?"

ಭಾವ ಗೋಣಿಚೀಲ ಮುಟ್ಟದೆ ಅಕ್ಕನ ಮುಖ ನೋಡಿದರು.

ಅಕ್ಕ ಚೀಲದ ಬಾಯಿ ಬಿಚ್ಚಿ ಸವೆದ ಬುಶ್ಶನ್ನು ಎತ್ತಿ, ತಾನೇ ಮೇಸ್ತ್ರಿಯ ಹಾಗೆ ಬೆಳಕಿಗೆ ಹಿಡಿದಳು. "ಯಾವಾಗ ಬೇಕು?"

"ನಾಳೆ ಕಬ್ಬು ಬತ್ತದೆ ಕಣವ್ವ."

"ನಾಳೆ ಆಗಾಕಿಲ್ಲ. ಮಧ್ಯಾನ ಊಟ ಮಾಡಿ ಒಂದು ಗಂಟೆ ಮಲಗ್ಬೇಕು ಇವ್ರು. ದಿನಕ್ಕೆ ಒಂದೇ ಕೆಲ್ಸ. ಸುಸ್ತಾಯ್ತು ಅಂದ್ರೆ ಅದೂ ಇಲ್ಲ. ಬುಧವಾರ ಬನ್ನಿ."

"ಬುಧವಾರಾನಾ?"

"ಒಂಬತ್ತು ತಿಂಗ್ಳು ಕೆಮ್ಮಿದ್ದು ಇನ್ನು ಮೂರು ದಿವ್ಸ ಕೆಮ್ಲಿ."

ಕೆಂಪಸಿದ್ದಯ್ಯ ಚೀಲ ಅಲ್ಲೇ ಬಿಟ್ಟು ಹೋದ. ಭಾವ ಆಗಲೇ ಆ ಬುಶ್ಶಿನ ಒಳಗೆ ಬೆರಳಾಡಿಸಿ ಸವೆತ ನೋಡುತ್ತಿದ್ದರು. ಅಕ್ಕ ಹೊರಗೆ ರಸ್ತೆ ಬದಿ ನಿಂತು ಫೋನು ಹಚ್ಚಿದಳು. ಲಾರಿಗಳ ಸದ್ದಿನಲ್ಲಿ ಅವಳ ಕೂಗು ಅಂಗಡಿಯೊಳಗೂ ಕೇಳುತ್ತಿತ್ತು. "ಸ್ವಾಮೀ, ನಾನು ಕಣಪ್ಪಾ ದೇವಿರಮ್ಮ. ಬೇರೆ ಕಡೆ ನೋಡ್ಕ... ಇಲ್ಲ ಇಲ್ಲ, ಯಾರ್ಗೂ ಕೊಟ್ಟಿಲ್ಲ... ಅಲ್ಲಪ್ಪಾ, ಅಂಗ್ಡಿ ಖಾಲಿ ಇಲ್ಲ!"